ಹುಲಿ ಸಾರ್ ಅವರ ಡಿಸ್ಚಾರ್ಜ್ ಪುಸ್ತಕ

ಮೈಕು ಕೈಗೆ ಬಂದರೆ ನನಗೆ ನಿಜ ಹೇಳಲು ಬರುವುದಿಲ್ಲ. ಹಾಗೆಂದು ನನ್ನನ್ನು ಸುಳ್ಳುಗಾರ ಎಂದುಕೊಳ್ಳಬೇಡಿ. ಮೈಕಿಲ್ಲದಾಗ ನಾನು ತೀರಾ ಪ್ರಾಮಾಣಿಕ. ಹೆಂಡತಿ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಹೆಚ್ಚಾಗಿದೆ ಎಂದು ಹೇಳಿ, ಅದರ ಫಲವನ್ನೂ ಉಂಡವನು. ಆದರೆ ಬಳ್ಳಾರಿಯಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದು, ಮೂವತ್ತೂ ವರ್ಷ ಪ್ರತಿ ಸಮಾರಂಭದಲ್ಲೂ ಅತಿಥಿಗಳ ಪರಿಚಯ ಮಾಡಿಕೊಡುವ ಕೆಲಸ ನನ್ನ ಪಾಲಿಗೇ ಬಂದು, ನಾಲಗೆ ಕೆಟ್ಟುಹೋಯಿತು. ಬೀಜದ ಅಂಗಡಿ ಇಟ್ಟುಕೊಂಡಿದ್ದ ಗೃಹಸ್ಥರನ್ನು ‘ಈ ಬಿಸಿಲ ನಾಡಿನ ಭಗೀರಥ’ ಎಂದಿದ್ದೇನೆ. ಹಲ್ಲು ಕೀಳುವ ಡಾಕ್ಟರನ್ನು ‘ನಗುವಿನ ಶಿಲ್ಪಿ’ ಎಂದಿದ್ದೇನೆ. ಅವರ ಬಳಿ ಎರಡು ದವಡೆ ಹಲ್ಲು ಕಳೆದುಕೊಂಡ ಮೇಲೂ ಎಂದಿದ್ದೇನೆ. ಯಾರೊಬ್ಬರೂ ಇದುವರೆಗೆ ಎದ್ದು ನಿಂತು ‘ನಾನು ಹಾಗಲ್ಲ’ ಎಂದವರಿಲ್ಲ. ಹೊಗಳಿಕೆಯನ್ನು ಮನುಷ್ಯರು ಶಾಲಿನಂತೆ ಹೊದ್ದುಕೊಂಡು ಮನೆಗೆ ಹೋಗುತ್ತಾರೆ ಎಂದೇ ನಾನು ನಂಬಿದ್ದೆ. ಹೊದಿಸಿದ್ದು ಮೈಗೆ ಚುಚ್ಚಿ, ತೆಗೆದಿಡಲೂ ಆಗದೆ ಒಬ್ಬರು ಒಂದೂವರೆ ವರ್ಷ ಒದ್ದಾಡಿದ್ದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಿವೃತ್ತನಾಗಿ ವರ್ಷವಾಯಿತು. ಈಗಲೂ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಎದ್ದು ಮಾಡುವುದೇನೂ ಇಲ್ಲ. ಜಗುಲಿಯ ಮೇಲೆ ಕೂತು, ಕೋಟೆ ಗುಡ್ಡದ ಬಂಡೆಗಳು ಕಪ್ಪಿನಿಂದ ಕೆಂಪಗಾಗುವುದನ್ನು ನೋಡುತ್ತ, ನಮ್ಮ ಪರೇಡು ಮೈದಾನವನ್ನು ನೆನೆಯುತ್ತೇನೆ. ಆ ಮೈದಾನದ ಕೆಂಪು ಧೂಳು, ಬೂಟುಗಳ ಸದ್ದು, ಪರೇಡು ಮುಗಿದ ಮೇಲೆ ಗೇಟಿನ ಆಚೆ ಬಂಡಿಯಲ್ಲಿ ಸಿಗುತ್ತಿದ್ದ ಮಂಡಕ್ಕಿ ಒಗ್ಗರಣಿ-ಮಿರ್ಚಿ. ಇವೆಲ್ಲ ನನ್ನ ಬದುಕಿನಲ್ಲಿ ಬಂದದ್ದು ನೌಕರಿಯ ಕೊನೆಯ ಕೆಲವೇ ವರ್ಷಗಳಲ್ಲಿ. ಆದರೆ ನೆನಪಾಗುವುದು ಅವೇ. ಅದಕ್ಕೆ ಮುಂಚೆ ಕಲಿಸಿದ ಛಂದಸ್ಸು, ವ್ಯಾಕರಣ ಒಂದೂ ನೆನಪಾಗುವುದಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ (ಹೆಸರು ಬೇಡ, ಪಿಂಚಣಿ ತಿನ್ನುತ್ತಿರುವವನು ನಾನು) ಪದವಿಯ ಹುಡುಗ ಹುಡುಗಿಯರನ್ನು ಸೈನ್ಯದ ಅಧಿಕಾರಿಗಳಾಗಲು ತಯಾರು ಮಾಡುವ ಒಂದು ತರಬೇತಿ ಶುರುವಾಯಿತು. ಅದಕ್ಕೊಬ್ಬ ಸಂಯೋಜಕ ಬೇಕಿತ್ತು. ಕುಲಸಚಿವರು ನನ್ನನ್ನು ಕರೆಸಿ, “ಮೇಷ್ಟ್ರೇ, ನಿಮ್ಮ ದನಿ ದೊಡ್ಡದು” ಎಂದರು. ಅಷ್ಟೇ ಅರ್ಹತೆ. ಪಾಠ ಹೇಳಲು ಮೂವರು ನಿವೃತ್ತ ಸೈನಿಕರು ಬಂದರು. ಸಿರಿಗೇರಿಯ ಸುಬೇದಾರ್ ವೀರನಗೌಡರು ಬಂದೂಕಿನ ಬಗ್ಗೆ, ಶಿಸ್ತಿನ ಬಗ್ಗೆ ಹೇಳಿಕೊಡುವವರು. ನಕ್ಷೆ ಓದುವುದನ್ನು ಕಲಿಸಲು ಬಂದವರು ವಾಯುಪಡೆಯ ಉಗ್ರಾಣದಲ್ಲಿದ್ದ ಆಚಾರ್ಯರು. ಅವರು ಮೊದಲ ದಿನವೇ, “ನಾನು ವಿಮಾನ ಏರಿದ್ದು ಎರಡೇ ಸಲ, ಎರಡು ಸಲವೂ ವಾಂತಿ” ಎಂದು ತಾವಾಗಿಯೇ ಹೇಳಿ ಹಗುರಾದರು. ಮೂರನೆಯವರು ಕುರುಗೋಡಿನ ಹವಾಲ್ದಾರ್ ಹೊನ್ನೂರಪ್ಪ. ಡ್ರಿಲ್ಲು ಅವರದು. ಸಣ್ಣ ಆಳು, ಇಸ್ತ್ರಿ ಮಾಡಿದ ಖಾಕಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ನರೆಗೂದಲು. ಮಾತು ಕಡಿಮೆ. ಆದರೆ ಮೈದಾನದಲ್ಲಿ ನಿಂತು “ಸಾವಧಾನ್!” ಎಂದರೆ ಆಚೆ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಹೋಗುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಉದ್ಘಾಟನೆಯ ದಿನ ಪರಿಚಯಕ್ಕೆಂದು ಅವರಿಂದ ವಿವರ ಕೇಳಿದ್ದೆ. ಒಂದು ಚೀಟಿ ಕೊಟ್ಟರು. ‘ಹೊನ್ನೂರಪ್ಪ, ಹವಾಲ್ದಾರ್, ಇಪ್ಪತ್ತೆರಡು ವರ್ಷ ಸೇವೆ, ಬಹಳ ವರ್ಷ ಹಿಮದ ಪ್ರದೇಶ.’ ಇಷ್ಟೇ. ಇದನ್ನು ಮೈಕಿನಲ್ಲಿ ಓದಿದರೆ ಅರ್ಧ ನಿಮಿಷವೂ ಆಗುವುದಿಲ್ಲ. ಹಿಮ ಎಂಬ ಒಂದು ಪದ ಸಿಕ್ಕಿತಲ್ಲ, ನನಗೆ ಸಾಕಾಯಿತು. “ಹಿಮದ ಶಿಖರಗಳ ನೆತ್ತಿಯಲ್ಲಿ, ರಕ್ತ ಹೆಪ್ಪುಗಟ್ಟುವ ಚಳಿಯಲ್ಲಿ, ಶತ್ರುವಿನ ಎದೆ ನಡುಗಿಸಿ ಬಂದ ಬಳ್ಳಾರಿಯ ಹುಲಿ ಇವರು!” ಎಂದುಬಿಟ್ಟೆ. ಚಪ್ಪಾಳೆ ನಿಲ್ಲಲಿಲ್ಲ. ಕುಲಪತಿಗಳು ಎದ್ದು ಬಂದು ಅವರ ಕೈ ಕುಲುಕಿದರು. ಮರುದಿನ ಊರಿನ ಪತ್ರಿಕೆಯಲ್ಲಿ ‘ಹುಲಿ’ ದಪ್ಪಕ್ಷರದಲ್ಲಿ ಬಂತು. ಹೊನ್ನೂರಪ್ಪ ಮಾತ್ರ ವೇದಿಕೆಯ ಮೇಲೆ ತಮ್ಮ ಬೂಟಿನ ತುದಿ ನೋಡುತ್ತ ಕೂತಿದ್ದರು. ವಿನಯ ಎಂದರೆ ಇದು ಎಂದುಕೊಂಡೆ ನಾನು. ಅಂದಿನಿಂದ ಮಕ್ಕಳಿಗೆ ಅವರು ‘ಹುಲಿ ಸಾರ್’ ಆದರು.

ಇಲ್ಲಿ ನನ್ನ ತಪ್ಪನ್ನು ಸ್ವಲ್ಪ ಹಗುರ ಮಾಡಿಕೊಳ್ಳಲು ಒಂದು ಹಳೆಯ ಸಂಗತಿ ಹೇಳಬೇಕು. ನಾನು ಕಾಲೇಜು ಓದುವಾಗಲೂ ಒಬ್ಬ ಸೈನಿಕರು ಬಂದು ಡ್ರಿಲ್ಲು ಹೇಳಿಕೊಡುತ್ತಿದ್ದರು. ನಾನೂ ಆಸೆಪಟ್ಟು ಸೇರಿದ್ದೆ. ಖಾಕಿ ಬಟ್ಟೆಗೆ ಮನೆಯಲ್ಲಿ ತಕರಾರಿರಲಿಲ್ಲ, ತಕರಾರು ಬಂದದ್ದು ಚರ್ಮದ ಬೂಟಿಗೆ. ನಮ್ಮಮ್ಮ ಮಡಿಯ ಹೆಂಗಸು. ಬೂಟು ಹೊಸ್ತಿಲು ದಾಟಕೂಡದು ಎಂದಳು. ಬೀದಿಯಲ್ಲಿಟ್ಟರೆ ನಾಯಿ ಒಯ್ಯುತ್ತದೆ. ಕೊನೆಗೆ ಕಿಟಕಿಯ ಸರಳಿಗೆ ಹೊರಗಿನಿಂದ ಕಟ್ಟಿ ತೂಗುಹಾಕಿದೆ. ಮೂರು ವಾರ ನಮ್ಮ ಮನೆಯ ಮುಂದೆ ಹೋಗುವವರೆಲ್ಲ ದೃಷ್ಟಿಗೆ ಕಟ್ಟಿದ್ದಾರೆ ಎಂದುಕೊಂಡರು. ನಾಲ್ಕನೆಯ ವಾರ ಅಪ್ಪ ಬೂಟನ್ನು ಹಿಂತಿರುಗಿಸಿ ಬಂದರು. ಆ ಮೂರು ವಾರದಲ್ಲಿ ನಾನು ಕಲಿತದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆ ಸೈನಿಕರ ಮೊಣಕಾಲಿನ ಕೆಳಗೆ ಒಂದು ಗಾಯದ ಗುರುತಿತ್ತು. ಅದು ಗುಂಡಿನದೆಂದು ಒಬ್ಬ, ಕತ್ತಿಯದೆಂದು ಒಬ್ಬ, ಶತ್ರು ಕಚ್ಚಿದ್ದೆಂದು ಇನ್ನೊಬ್ಬ. ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳದೇ ಇದ್ದದ್ದರಿಂದಲೇ ಅವರು ನಮಗೆ ಅಷ್ಟು ಎತ್ತರ ಕಂಡರು. ಅವರ ಹೆಸರು ಮರೆತಿದ್ದೇನೆ, ಗಾಯವನ್ನು ಮರೆತಿಲ್ಲ. ಸೈನಿಕ ಎಂದರೆ ಕಾದಾಡಿದವನೇ ಇರಬೇಕು ಎಂಬುದು ಅಂದೇ ನನ್ನ ತಲೆಯಲ್ಲಿ ಕೂತಿತ್ತು.

ಒಂದೂವರೆ ವರ್ಷ ಸುಖವಾಗಿ ಕಳೆಯಿತು. ಆಮೇಲೆ ಬಂತು ಪರಿಶೀಲನಾ ಸಮಿತಿ. ಬರುವ ಮುಂಚೆ ತುಂಬಿ ಕಳಿಸಬೇಕಾದ ನಮೂನೆಯಲ್ಲಿ ‘ಬೋಧಕರ ಸೈನಿಕ ಹಿನ್ನೆಲೆ’ ಎಂಬ ಕಲಮು. ಯಾವ ವಿಭಾಗ, ಯಾವ ಕೆಲಸ, ಎಷ್ಟು ವರ್ಷ, ಜೊತೆಗೆ ಡಿಸ್ಚಾರ್ಜ್ ಪುಸ್ತಕದ ಪ್ರತಿ. ಸೈನ್ಯ ಬಿಡುವಾಗ ಕೊಡುವ ಆ ಪುಸ್ತಕದಲ್ಲಿ ಮನುಷ್ಯನ ಇಡೀ ಸೇವೆ ಇರುತ್ತದಂತೆ. ವೀರನಗೌಡರು ಅಂದೇ ತಂದರು. ಆಚಾರ್ಯರು ಮೂರು ಪ್ರತಿ ತಂದರು, ಉಗ್ರಾಣದವರ ಅಭ್ಯಾಸ. ಹೊನ್ನೂರಪ್ಪ ಮಾತ್ರ, “ನಾಳಿ ತರ್ತೀನ್ರಿ ಸಾರ್” ಎಂದರು. ನಾಳೆ ಕೇಳಿದರೆ, “ಟ್ರಂಕಿನ ಕೀಲಿ ಸಿಗವಲ್ದ್ರಿ.” ಆಮೇಲೆ, “ಟ್ರಂಕ ಮಗಳ ಮನ್ಯಾಗ ಐತ್ರಿ.” ಒಂದು ವಾರದ ನಂತರ ಅವರು ಮೈದಾನಕ್ಕೇ ಬರಲಿಲ್ಲ. ಫೋನು ಎತ್ತಲಿಲ್ಲ. ಮಕ್ಕಳು ತಾವಾಗಿಯೇ ಸಾಲು ನಿಂತು, ಆಜ್ಞೆ ಕೊಡುವವರಿಲ್ಲದೆ ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿಕೊಂಡೆ.

ಎರಡನೆಯ ದಿನವೂ ಬರದಿದ್ದಾಗ ಸ್ಕೂಟರ್ ಹತ್ತಿ ಕುರುಗೋಡಿಗೆ ಹೋದೆ. ಬಂಡೆಗುಡ್ಡದ ಬುಡದಲ್ಲಿ ಅವರ ಮನೆ. ಬಾಗಿಲಲ್ಲಿ ಅವರ ಹೆಂಡತಿ ಗಂಗಮ್ಮ ನಿಂತಿದ್ದರು. “ಬರ್ರಿ ಸಾರ್, ಕುಂದರ್ರಿ. ನೀವು ಬಂದ್ರ ಮನ್ಯಾಗಿಲ್ಲ ಅಂತ ಹೇಳು ಅಂದಿದ್ರು. ಖರೇನ ಇಲ್ಲ ನೋಡ್ರಿ, ಸುಳ್ಳ ಹೇಳೋದು ತಪ್ಪಿತು. ಸಿರುಗುಪ್ಪಕ್ಕ ಮಗಳ ಮನಿಗಿ ಹೋಗ್ಯಾರ” ಎಂದು ನೀರು ಕೊಟ್ಟರು. ನನಗೆ ಒಳಗೊಳಗೇ ಗುಮಾನಿ ಹುಟ್ಟಿತು. ಈ ಮನುಷ್ಯ ನಿಜವಾಗಿ ಸೈನ್ಯದಲ್ಲಿ ಇದ್ದರೋ ಇಲ್ಲವೋ? ಇರದಿದ್ದರೆ, ಕುಲಪತಿಗಳು ಕೈ ಕುಲುಕಿದ್ದು ಯಾರದು? ಅದಕ್ಕಿಂತ ದೊಡ್ಡ ಪ್ರಶ್ನೆ, ಕುಲುಕಿಸಿದ್ದು ಯಾರು? ಸ್ಕೂಟರನ್ನು ಅವರ ಅಂಗಳದಲ್ಲೇ ಬಿಟ್ಟು ಸಿರುಗುಪ್ಪಕ್ಕೆ ಬಸ್ಸು ಹಿಡಿದೆ. ಕಾಲುವೆ ನೀರು ತುಂಬಿ ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿ ಹಬ್ಬಿತ್ತು. ಬೇರೆ ದಿನವಾಗಿದ್ದರೆ ನಾಲ್ಕು ಸಾಲು ಕವಿತೆಯನ್ನಾದರೂ ಹೊಸೆಯುತ್ತಿದ್ದೆ. ಅಂದು ವಿಶ್ವವಿದ್ಯಾಲಯದಿಂದ ಬರಬಹುದಾದ ನೋಟೀಸಿಗೆ ಕೊಡಬೇಕಾದ ಉತ್ತರದ ಸಾಲುಗಳೇ ಬಂದವು.

ಸಿರುಗುಪ್ಪದ ಆ ಮನೆಯ ಕಟ್ಟೆಯ ಮೇಲೆ ಮಗಳ ಅತ್ತೆ ಕೂತಿದ್ದರು. “ಎವರು ಕಾವಾಲಿ?”, ಯಾರು ಬೇಕು ಎಂದು ತೆಲುಗಿನಲ್ಲಿ ಕೇಳಿ, ನಾನು ಹೆಸರು ಹೇಳುವಷ್ಟರಲ್ಲಿ ಮಗಳು ಲಕ್ಷ್ಮಿ ಹೊರಗೆ ಬಂದಳು.

“ಅಪ್ಪ ಹಿತ್ಲಾಗ ಎಮ್ಮಿ ಮೈ ತಿಕ್ಕಾಕತ್ಯಾನ್ರಿ. ದಿನಕ್ಕ ಎರಡು ಸಲ ತಿಕ್ಕತಾನ. ದನ ಕಂಡ್ರ ಅವನ ಕೈ ಸುಮ್ಕಿರಂಗಿಲ್ಲ. ಮಿಲಿಟ್ರಿಯಾಗ ಅಷ್ಟು ವರ್ಷ ಖಚ್ಚರ್ ತಿಕ್ಕಿ ತಿಕ್ಕಿ ರೂಢಿ ಆಗಿಬಿಟ್ಟೈತಿ.”

“ಖಚ್ಚರ್ ಅಂದ್ರ?” ಎಂದೆ.

“ಹೇಸರಗತ್ತಿ ರೀ! ಗುಡ್ಡದ ಮ್ಯಾಲೆ ಸಾಮಾನು ಹೊರತಾವಲ್ಲ, ಅವು. ಅವನ್ನ ನೋಡಿಕೊಳ್ಳೋದ ಅಪ್ಪನ ಡ್ಯೂಟಿ. ನಿಮಗ ಹೇಳಿಲ್ಲೇನು?” ಎಂದಳು. ಅವಳ ಮುಖದಲ್ಲಿ ಹೆಮ್ಮೆಯೇ ಇತ್ತು.

ಹಿತ್ತಿಲಿಗೆ ಹೋದೆ. ಬನಿಯನ್ನಿನಲ್ಲಿ, ಪ್ಯಾಂಟು ಮೊಣಕಾಲಿನವರೆಗೆ ಮಡಿಸಿ, ಹೊನ್ನೂರಪ್ಪ ಎಮ್ಮೆಯ ಪಕ್ಕೆಯನ್ನು ಹುಲ್ಲಿನ ಸಿಂಬಿಯಿಂದ ಉಜ್ಜುತ್ತಿದ್ದರು. ಎಮ್ಮೆ ಕಣ್ಣು ಅರೆಮುಚ್ಚಿ ನಿಂತಿತ್ತು. ನನ್ನನ್ನು ನೋಡಿದವರೇ ಒದ್ದೆ ಕೈಯಲ್ಲೇ ಸೆಟೆದು ನಿಂತರು. ಎಮ್ಮೆ ಕಣ್ಣು ಬಿಟ್ಟು ನನ್ನನ್ನು ಕೋಪದಿಂದ ನೋಡಿತು.

“ಪುಸ್ತಕ ಬ್ಯಾಡ್ರಿ ಸಾರ್” ಎಂದರು. “ಅದರ ಬದ್ಲಿ ಈ ಕಾಗದ ತಗೋರ್ರಿ.” ಕಿಸೆಯಿಂದ ಮಡಿಸಿದ ಹಾಳೆ ತೆಗೆದರು. ರಾಜೀನಾಮೆ. ವಯಸ್ಸಾದ್ದರಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದಿತ್ತು.

“ಯಾಕ್ರಿ ಹೊನ್ನೂರಪ್ಪನೋರೇ? ಹೇಸರಗತ್ತೆ ನೋಡಿಕೊಂಡಿದ್ರಿ ಅಂದ್ರ ಯಾರೇನು ಅಂತಾರ್ರೀ? ಅದೇನು ನಾಚಿಕೆ ಪಡೋ ವಿಷಯವೇ?”

“ನನಗೆಂಥ ನಾಚಿಕಿ ಸಾರ್! ಖಚ್ಚರ್ ಅಂತ ಹೇಳಾಕ ನನಗ ಯಾವತ್ತೂ ನಾಚಿಕಿ ಬಂದಿಲ್ಲ. ನಾಚಿಕಿ ಬಂದದ್ದು ನೀವು ಹುಲಿ ಅಂದಾಗ.” ಸಿಂಬಿಯ ನೀರು ಹಿಂಡಿ ಮತ್ತೆ ಹೇಳಿದರು. “ಅವತ್ತ ಸ್ಟೇಜಿನ ಮ್ಯಾಲೇ ಎದ್ದು ಹೇಳಬೇಕಂತಿದ್ದೆ. ಅಷ್ಟು ಮಂದಿ ಮುಂದ ಮೇಷ್ಟ್ರ ಮಾತು ಸುಳ್ಳು ಮಾಡೋದು ಹ್ಯಾಂಗ? ಆಮ್ಯಾಲೆ ದಿನಾ ಹೇಳಬೇಕು ಹೇಳಬೇಕು ಅನ್ನೋದು, ಹುಡುಗ್ರು ಹುಲಿ ಸಾರ್ ಅನ್ನೋದು. ಈಗ ಪುಸ್ತಕ ಕೊಟ್ರ ನಿಮ್ಮ ಮಾರಿ ಸಣ್ಣದಾಗತೈತಿ. ನಾನ ಬಿಟ್ಟು ಹ್ವಾದ್ರ ಪುಸ್ತಕಾನ ಬೇಕಾಗಂಗಿಲ್ಲ. ನಿಮ್ಮ ಮಾತೂ ಉಳಿತೈತಿ.”

ರಾಜೀನಾಮೆಯನ್ನು ಇನ್ನೊಂದು ಸಲ ಓದಿದೆ. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಚೇತರಿಸಿಕೊಂಡವನೇ, “ಒಂದು ಕೆಲಸ ಮಾಡೋಣ. ನಮೂನೆಯಾಗ ‘ಪರ್ವತ ಪ್ರದೇಶದ ಸಾಗಾಟ ವಿಭಾಗದಲ್ಲಿ ವಿಶೇಷ ಸೇವೆ’ ಅಂತ ಬರೆಯೋಣ” ಎಂದೆ. ಅವರು ತಲೆ ಅಲ್ಲಾಡಿಸಿದರು. “ಖಚ್ಚರ್ ಅಂತ ಬರೀರಿ ಸಾರ್. ಇಲ್ಲಾಂದ್ರ ಏನೂ ಬರೀಬ್ಯಾಡ್ರಿ.”

ಲಕ್ಷ್ಮಿ ಚಹಾ ತಂದಳು. ಎಮ್ಮೆಯ ಪಕ್ಕದ ಕಲ್ಲಿನ ಮೇಲೆ ಕೂತು ಕುಡಿಯುತ್ತ ಅವರು ಗೌರಿಯ ವಿಷಯ ಹೇಳಿದರು. ಸೈನ್ಯದಲ್ಲಿ ಹೇಸರಗತ್ತೆಗೆ ಹೆಸರಿಲ್ಲ, ಗೊರಸಿನ ಮೇಲೆ ನಂಬರು. ಗೌರಿ ಎಂಬುದು ಇವರು ಇಟ್ಟ ಹೆಸರು. ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು, ಊರಿನಿಂದ ಬಂದ ಕಾಗದಗಳ ಚೀಲ ಎಲ್ಲವೂ ಅವಳ ಬೆನ್ನ ಮೇಲೆಯೇ ಮೇಲಿನ ಠಾಣೆಗೆ ಹೋಗಬೇಕು. ಒಂದು ದಿನ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಎಳೆದರೂ ಬರಲಿಲ್ಲ. ಹಿಂದೆ ಆರು ಜನ ಚಳಿಯಲ್ಲಿ ಕಾಯುತ್ತಿದ್ದಾರೆ, ಮೇಲಿನವರು ಬೈಯುತ್ತಿದ್ದಾರೆ. “ಸಿಟ್ಟಿಗೆದ್ದು ಕೋಲಿಲೆ ಹೊಡದೆ ಸಾರ್. ಎರಡು ಏಟು. ನನ್ನ ಕಡಿ ಹಿಂಗ ಹೊಳ್ಳಿ ನೋಡಿದ್ಲು. ಅಷ್ಟೊತ್ತಿಗೆ ಮುಂದಿನ ದಾರಿ, ಇಲ್ಲಿಂದ ಆ ಗ್ವಾಡಿ ತನಕ, ಸದ್ದ ಇಲ್ಲದಂಗ ಕುಸಿದು ಕೆಳಗ ಹೋತು.” ಆಮೇಲೆ ಅವರು ಕೋಲು ಹಿಡಿಯಲಿಲ್ಲವಂತೆ.

“ನಿಮಗೆ ವರ್ಗ ಆದಾಗ?” ಎಂದೆ.

“ಹೇಳದಂಗ ಹ್ವಾದೆ. ಮೂತಿಗಿ ಕಾಳಿನ ಚೀಲ ಕಟ್ಟಿ, ಅಕಿ ತಿನ್ನೋ ಹೊತ್ತಿನಾಗ ಹಿಂದಿನಿಂದ ಎದ್ದು ಹ್ವಾದೆ. ಮಾರಿ ತೋರ್ಸಾಕ ಆಗಲಿಲ್ಲ ಸಾರ್.” ಎದ್ದು ಮತ್ತೆ ಎಮ್ಮೆ ಉಜ್ಜಲು ತೊಡಗಿದರು. ನಾನು ರಾಜೀನಾಮೆಯನ್ನು ನಾಲ್ಕಾಗಿ ಹರಿದು, ಎಮ್ಮೆಯ ಎದುರಿಗಿಟ್ಟೆ. ಅದು ತಿನ್ನಲಿಲ್ಲ. ಎಮ್ಮೆಗಳಿಗೂ ಒಂದು ಮಟ್ಟ ಇರುತ್ತದೆ.

ಸೋಮವಾರ ಬೆಳಿಗ್ಗೆ ಹೊನ್ನೂರಪ್ಪ ಖಾಕಿಯಲ್ಲಿ, ಕಂಕುಳಲ್ಲಿ ಡಿಸ್ಚಾರ್ಜ್ ಪುಸ್ತಕ ಇಟ್ಟುಕೊಂಡು ಬಂದರು. ನಮೂನೆಯಲ್ಲಿ ‘ಖಚ್ಚರ್’ ಎಂದೇ ತುಂಬಿದೆ. ಮಕ್ಕಳು ಸಾಲು ನಿಂತಿದ್ದರು. ನಾನು ಮುಂದೆ ಹೋಗಿ, ಮೈಕಿಲ್ಲದೆ ಹೇಳಿದೆ. ಉದ್ಘಾಟನೆಯ ದಿನ ನಾನು ಆಡಿದ ಮಾತು ನನ್ನ ಸ್ವಂತ ಸೃಷ್ಟಿ, ಹೊನ್ನೂರಪ್ಪನವರು ಅಂಥದ್ದೇನೂ ಹೇಳಿರಲಿಲ್ಲ, ಅವರು ಸೈನ್ಯದಲ್ಲಿ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದರು, ನನ್ನದು ತಪ್ಪಾಯಿತು. ನಾಲ್ಕೇ ವಾಕ್ಯ. ಬೆವರು ಮಾತ್ರ ನಲವತ್ತು ನಿಮಿಷದ ಭಾಷಣದಷ್ಟು ಬಂತು. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ರೂಪನಗುಡಿಯ ರೇಣುಕಾ ಕೇಳಿದಳು. “ಹಂಗಾದ್ರ ಸಾರ್, ಇನ್ನ ಮ್ಯಾಲೆ ಹುಲಿ ಸಾರ್ ಅನ್ನಬಾರದೇನ್ರಿ?”

ನನ್ನನ್ನಲ್ಲ, ಅವರನ್ನು ಕೇಳಿದ್ದಳು. ಹೊನ್ನೂರಪ್ಪ ಅವಳನ್ನು ದಿಟ್ಟಿಸಿ, “ಹುಲಿ ಒಂದು ಮೂಟಿ ಅಕ್ಕಿ ಹೊತ್ತುಕೊಂಡು ಗುಡ್ಡ ಏರತೈತೇನವ್ವಾ?” ಎಂದರು. “ಇಲ್ರಿ ಸಾರ್.” “ಹಂಗಾದ್ರ ಮ್ಯಾಲಿದ್ದವ್ರು ಏನು ಉಣ್ಣಬೇಕು?” ಸಾಲಿಗೆ ಸಾಲೇ ನಕ್ಕಿತು. ಅವರೂ ನಕ್ಕರು. ಒಂದೂವರೆ ವರ್ಷದಲ್ಲಿ ಅವರ ಹಲ್ಲು ನೋಡಿದ್ದು ಅಂದೇ. ಆಮೇಲೆ ಡ್ರಿಲ್ಲು ಬಿಟ್ಟು ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು ಗೌರಿಯ ಕತೆ ಹೇಳಿದರು. ಬಿಸಿಲು ಏರಿದ್ದು ಯಾರಿಗೂ ಗೊತ್ತಾಗಲಿಲ್ಲ.

ಸಮಿತಿ ಬಂತು. ಅದರ ಮುಖ್ಯಸ್ಥರು ಒಬ್ಬ ನಿವೃತ್ತ ಕರ್ನಲ್ಲು. ಬೋಧಕರ ಪಟ್ಟಿ ಓದುತ್ತ ಓದುತ್ತ ಹೊನ್ನೂರಪ್ಪನವರ ಹೆಸರಿನ ಹತ್ತಿರ ಬೆರಳು ನಿಲ್ಲಿಸಿದರು. ಅವರು ತಲೆ ಎತ್ತಿ ಹಿಂದಿಯಲ್ಲಿ ಏನೋ ಕೇಳಿದರು, ಹೊನ್ನೂರಪ್ಪ ಹಿಂದಿಯಲ್ಲೇ ಏನೋ ಹೇಳಿದರು. ಇಬ್ಬರೂ ಯಾವುದೋ ಗುಡ್ಡದ ಯಾವುದೋ ತಿರುವಿನ ಬಗ್ಗೆ, ಅಲ್ಲಿ ಕಾಲಿಡಲೊಪ್ಪದ ಹೇಸರಗತ್ತೆಗಳ ಬಗ್ಗೆ ಮಾತಿಗೆ ಬಿದ್ದರು. ಕುಲಸಚಿವರು ಎರಡು ಸಲ ಕೆಮ್ಮಿದರು. ಚಹಾ ಆರಿತು. ಮುಕ್ಕಾಲು ಗಂಟೆಯಾದ ಮೇಲೆ ಕರ್ನಲ್ಲರು ಪಟ್ಟಿಗೆ ಮರಳಿ, ಕೊನೆಯ ಸಾಲು ನೋಡಿ, “ಸಂಯೋಜಕರ ಸೈನಿಕ ಹಿನ್ನೆಲೆ ಖಾಲಿ ಇದೆಯಲ್ಲ?” ಎಂದರು.

ನಾನು ಎದ್ದು ನಿಂತೆ. ಮೇಜಿನ ಮೇಲೆ ಮೈಕು ಇತ್ತು. ಅದರ ಕಡೆ ನೋಡದೆ, “ಸರ್, ನಮ್ಮ ಮನೆ ಕಂಟೋನ್ಮೆಂಟಿನಲ್ಲಿದೆ. ಅಷ್ಟೇ” ಎಂದೆ. ಕರ್ನಲ್ಲರು ನಗಲಿಲ್ಲ, ಏನೋ ಬರೆದುಕೊಂಡರು.

ತಿಂಗಳಾದ ಮೇಲೆ ವರದಿ ಬಂತು. ಬೋಧಕರ ಬಗ್ಗೆ ಮೆಚ್ಚುಗೆ, ತರಬೇತಿ ಮುಂದುವರಿಯಬಹುದೆಂಬ ಒಪ್ಪಿಗೆ. ಕೊನೆಯಲ್ಲಿ ಒಂದೇ ಶಿಫಾರಸು: ಸಂಯೋಜಕರು ವಿದ್ಯಾರ್ಥಿಗಳ ಜೊತೆಗೇ ಪ್ರಾಥಮಿಕ ಡ್ರಿಲ್ ತರಬೇತಿ ಪಡೆಯುವುದು ಸೂಕ್ತ. ಕುಲಸಚಿವರು ಅದರ ಕೆಳಗೆ ಹಸಿರು ಶಾಯಿಯಲ್ಲಿ ‘ಅಗತ್ಯ ಕ್ರಮಕ್ಕಾಗಿ’ ಎಂದು ಬರೆದು ನನಗೇ ಕಳಿಸಿದರು.

ಹೀಗೆ ಐವತ್ತೇಳನೆಯ ವಯಸ್ಸಿನಲ್ಲಿ, ಹೊಟ್ಟೆ ಒಳಗೆಳೆದುಕೊಂಡು, ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತೆ. ಎಡಗಾಲು ಮುಂದಿಟ್ಟರೆ ಬಲಗೈ ಮುಂದೆ ಬರಬೇಕಂತೆ. ಜಗತ್ತಿನ ಎಲ್ಲ ಜನರಿಗೂ ಇದು ನಡೆಯುವಾಗ ತಾನಾಗಿಯೇ ಆಗುತ್ತದೆ. ಯೋಚಿಸಿದ ಕ್ಷಣ ನನಗೆ ಎಡಗಾಲಿನ ಜೊತೆ ಎಡಗೈಯೇ ಬರುತ್ತಿತ್ತು. “ಬಾಯೇಂ ಮುಡ್!” ಎಂದಾಗ ನಲವತ್ತು ಜನ ಎಡಕ್ಕೆ ತಿರುಗಿದರೆ, ನಾನು ಬಲಕ್ಕೆ ತಿರುಗಿ ಪಕ್ಕದವನ ಮುಖ ನೋಡುತ್ತ ನಿಂತಿರುತ್ತಿದ್ದೆ. ಹೊನ್ನೂರಪ್ಪ ಒಂದು ದಿನವೂ ದನಿ ಏರಿಸಲಿಲ್ಲ. ಹತ್ತಿರ ಬಂದು, ಭುಜ ಹಿಡಿದು, ಮೆಲ್ಲಗೆ ಸರಿಯಾದ ದಿಕ್ಕಿಗೆ ತಿರುಗಿಸಿ, ಎರಡು ಸಲ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದರು. ಆ ತಟ್ಟುವಿಕೆ ಅವರಿಗೆ ಎಲ್ಲಿ ರೂಢಿಯಾದದ್ದೆಂದು ನನಗೆ ಗೊತ್ತಿತ್ತು. ಹಿತವಾಗಿಯೇ ಇತ್ತು.

ರೇಣುಕಾಳ ತಂಡ ತರಬೇತಿ ಮುಗಿಸಿ ಹೋಯಿತು, ಮುಂದಿನ ತಂಡ ಬಂತು, ಅದೂ ಹೋಯಿತು. ನಾನು ಮಾತ್ರ ಅದೇ ಸಾಲಿನಲ್ಲಿದ್ದೆ. ನಿವೃತ್ತಿಯ ದಿನ, ಪರೇಡು ಮುಗಿದ ಮೇಲೆ ಹೊನ್ನೂರಪ್ಪ ಗೇಟಿನ ತನಕ ನನ್ನ ಜೊತೆ ಬಂದರು. ಇಷ್ಟು ವರ್ಷ ಕಲಿಸಿದ ಗುರು, ಹೋಗುವಾಗ ಏನಾದರೂ ಒಂದು ಮಾತು ಹೇಳಿಯಾರೆಂದು ನಾನೇ ಬಾಯಿಬಿಟ್ಟು ಕೇಳಿದೆ. “ಹೊನ್ನೂರಪ್ಪನೋರೇ, ಖರೇ ಹೇಳ್ರಿ. ನನ್ನ ಡ್ರಿಲ್ಲು ಏನಾದ್ರೂ ಸುಧಾರಿಸೈತೇನು?”

ಅವರು ಬಹಳ ಹೊತ್ತು ಯೋಚಿಸಿದರು. ಸುಳ್ಳು ಹೇಳುವ ಮನುಷ್ಯರಲ್ಲ, ನನ್ನ ಮನಸ್ಸು ನೋಯಿಸುವವರೂ ಅಲ್ಲ. ಕೊನೆಗೆ ನನ್ನ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದುಕೊಂಡರು.

“ಸಾರ್, ನೀವು ಕನ್ನಡ ಬಾಳ ಛಲೋ ಹೇಳ್ತೀರಂತ ಹುಡುಗ್ರೆಲ್ಲಾ ಅಂತಾರ. ಅದನ್ನ ಮಾತ್ರ ಬಿಡಬ್ಯಾಡ್ರಿ.”